ನಾಟಿ ಕೋಳಿಗೆ ರೋಗವಿಲ್ಲ ಎಂಬ ಸುಳ್ಳು

‘ನಾಟಿ ಕೋಳಿಗೇನು ರೋಗ ಬರುತ್ತೆ ಬಿಡಿ, ಅದು ಗಟ್ಟಿ ಜೀವ.’ ಈ ಮಾತು ಕೇಳಿಬರದ ಊರಿಲ್ಲ. ಹಿತ್ತಲಲ್ಲಿ ನಾಲ್ಕು ಕೋಳಿ ಬಿಟ್ಟುಕೊಂಡ ರೈತರು ಹೇಳುತ್ತಾರೆ. ಪಟ್ಟಣದ ಕೆಲಸ ಬಿಟ್ಟು ಬಂದು ತೋಟ ಮಾಡಿಕೊಂಡವರು ಹೇಳುತ್ತಾರೆ. ಸಾವಯವ ಕೃಷಿಯ ವೇದಿಕೆಗಳಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಲಸಿಕೆ, ಜಂತಿನ ಔಷಧ, ಗೂಡಿನ ಶುಚಿ ಎಲ್ಲ ಫಾರಂ ಕೋಳಿಯ ಪಾಡು, ನಾಟಿ ಕೋಳಿಯನ್ನು ಬೆಳಿಗ್ಗೆ ಬಿಟ್ಟು ಸಂಜೆ ಮುಚ್ಚಿದರೆ ಸಾಕು ಎಂಬುದು ಈ ನಂಬಿಕೆಯ ತಿರುಳು. ಇದು ಸುಳ್ಳು. ಈ ಸುಳ್ಳನ್ನು ನಂಬಿಯೇ ಪ್ರತಿ ಬೇಸಿಗೆಯಲ್ಲೂ ನಮ್ಮ ಹಳ್ಳಿಗಳ ಹಿತ್ತಲು ಬರಿದಾಗುತ್ತಿದೆ.

ನಂಬಿಕೆಗೆ ಆಧಾರವಾಗಿ ತೋರಿಸುವುದು ಏನನ್ನು? ತಿಪ್ಪೆ ಕೆದಕುತ್ತಿರುವ ಕೊಬ್ಬಿದ ಹುಂಜವನ್ನು. ‘ಹತ್ತು ವರ್ಷದಿಂದ ಸಾಕ್ತಿದೀವಿ, ಒಂದು ದಿನ ಔಷಧ ಹಾಕಿಲ್ಲ, ಹೆಂಗಿದೆ ನೋಡಿ’ ಎನ್ನುತ್ತಾರೆ. ಅದೇ ಮನೆಯ ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಗಸನ್ನು ಕೇಳಿ: ‘ಅಕ್ಕಾ, ಹೋದ ಸಾರಿ ಕಾವಿಗೆ ಕೂರಿಸಿದಾಗ ಎಷ್ಟು ಮರಿ ಮಾಡಿತ್ತು? ಈಗ ಎಷ್ಟಿವೆ?’ ಹನ್ನೆರಡು ಮಾಡಿತ್ತು, ಮೂರು ಉಳಿದವು ಎಂದೋ, ಹತ್ತರಲ್ಲಿ ಎರಡು ಎಂದೋ ಉತ್ತರ ಬರುತ್ತದೆ. ಹುಟ್ಟಿದ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎರಡು ತಿಂಗಳು ತುಂಬುವ ಮೊದಲೇ ಸಾಯುವುದು ಹಳ್ಳಿಗಳಲ್ಲಿ ಅಪರೂಪವೇನಲ್ಲ. ಸತ್ತವನ್ನು ಲೆಕ್ಕಕ್ಕೆ ಹಿಡಿಯದೆ ಬದುಕಿದ್ದನ್ನು ಮಾತ್ರ ತೋರಿಸಿ ತಳಿಯ ಗಟ್ಟಿತನವನ್ನು ಹೊಗಳಿದರೆ ಯಾವ ತಳಿಯೂ ಗಟ್ಟಿಯೇ.

ಇನ್ನೊಂದು ವಾದ ಹೆಚ್ಚು ಓದಿದವರದು. ರೋಗವೆಲ್ಲ ಫಾರಂಗಳಿಂದ ಬಂದದ್ದು, ಬ್ರಾಯ್ಲರ್ ಬರುವ ಮುಂಚೆ ನಮ್ಮ ಕೋಳಿಗಳು ಚೆನ್ನಾಗಿದ್ದವು ಎನ್ನುತ್ತಾರೆ. ಚರಿತ್ರೆ ಇದನ್ನು ಒಪ್ಪುವುದಿಲ್ಲ. ನಾವು ಕೊಕ್ಕರೆ ರೋಗ ಎನ್ನುವ ಕಾಯಿಲೆಗೆ ದೇಶದ ಪಶುವೈದ್ಯರು ಇಂದಿಗೂ ಬಳಸುವ ಹೆಸರು ರಾಣಿಖೇತ್. ಇಂದಿನ ಉತ್ತರಾಖಂಡದ ಕುಮಾವ್ ಬೆಟ್ಟಗಳಲ್ಲಿರುವ ಆ ಊರಿನಲ್ಲಿ 1927ರಲ್ಲಿ ಕೋಳಿಗಳು ಸತ್ತದ್ದರಿಂದ ರೋಗಕ್ಕೆ ಆ ಹೆಸರು ಬಂತು. ಅದೇ ಆಸುಪಾಸಿನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಜಾವಾ ದ್ವೀಪದಲ್ಲೂ ಅದು ಗುರುತಿಗೆ ಬಂದಿತ್ತು. ಆಗ ಭಾರತದಲ್ಲಿ ಬ್ರಾಯ್ಲರ್ ಫಾರಂ ಎಂಬುದೇ ಇರಲಿಲ್ಲ; ಆ ಉದ್ಯಮ ಇಲ್ಲಿ ತಲೆಯೆತ್ತಿದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳ ಮೇಲೆ. ರಾಣಿಖೇತ್‌ಗೆ ಹತ್ತಿರದ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಇದಕ್ಕೆ ಲಸಿಕೆಯೂ ಸಿದ್ಧವಾಯಿತು. ಆರ್‌2ಬಿ ಎಂಬ ಆ ಲಸಿಕೆ ಇವತ್ತಿಗೂ ಬಳಕೆಯಲ್ಲಿದೆ. ರೋಗಕ್ಕೆ ಮದ್ದು ನಮ್ಮ ದೇಶದಲ್ಲೇ ಹುಟ್ಟಿ ಸುಮಾರು ಎಂಬತ್ತು ವರ್ಷವಾಗಿದ್ದರೂ ನಮ್ಮ ಹಿತ್ತಲ ಬಹುಪಾಲು ಕೋಳಿಗಳು ಅದನ್ನು ಕಂಡಿಲ್ಲ.

ಕೊಕ್ಕರೆ ರೋಗ ನಾಟಿ ಕೋಳಿಯನ್ನು ಬಿಡುವುದಿಲ್ಲ ಎಂಬುದಕ್ಕೆ ಪುಸ್ತಕದ ಸಾಕ್ಷಿ ಬೇಕಿಲ್ಲ. ಮೊದಲ ದಿನ ಒಂದು ಹೇಂಟೆ ಗುಂಪು ಬಿಟ್ಟು ಗೋಡೆಯ ಪಕ್ಕ ನಿಲ್ಲುತ್ತದೆ. ಗರಿ ಉಬ್ಬಿಸಿ, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ತೂಕಡಿಸುತ್ತದೆ. ಕಾಳು ಹಾಕಿದರೂ ಬರುವುದಿಲ್ಲ. ಕಾಲು ಹಿಡಿದು ಎತ್ತಿದರೆ ಕೊಕ್ಕಿನಿಂದ ಲೋಳೆ ನೀರು ಸುರಿಯುತ್ತದೆ. ಹಿಂಭಾಗದ ಗರಿಗೆ ಹಸಿರು ಬಿಳಿ ಬೆರೆತ ಭೇದಿ ಅಂಟಿಕೊಂಡಿರುತ್ತದೆ. ಮಾರನೆಯ ದಿನ ಕತ್ತು ಚಾಚಿ, ಬಾಯಿ ತೆರೆದು ಗೊರ ಗೊರ ಉಸಿರೆಳೆಯುತ್ತದೆ. ಇಷ್ಟಾಗಿಯೂ ಸಾಯದೆ ಉಳಿದದ್ದರ ಕತ್ತು ತಿರುಚಿಕೊಳ್ಳುತ್ತದೆ. ಕಾಳಿಗೆ ಕೊಕ್ಕು ಹಾಕಿದರೆ ಗುರಿ ತಪ್ಪಿ ಪಕ್ಕದ ಮಣ್ಣಿಗೆ ಬೀಳುತ್ತದೆ. ವಾರ ಹತ್ತು ದಿನದೊಳಗೆ ಕೇರಿಯ ಕೋಳಿಗಳೆಲ್ಲ ಮುಗಿಯುತ್ತವೆ. ಲಸಿಕೆ ಕಾಣದ ಹಿಂಡಿನಲ್ಲಿ ನೂರಕ್ಕೆ ತೊಂಬತ್ತು ಸಾಯುವುದೂ ಉಂಟು. ಒಮ್ಮೆ ಹತ್ತಿದ ಮೇಲೆ ಗುಣಪಡಿಸುವ ಔಷಧ ಯಾವುದೂ ಇಲ್ಲ.

ಹಳ್ಳಿಯ ಕೋಳಿಗಳ ರಕ್ತ ಪರೀಕ್ಷೆ ಮಾಡಿದಾಗ ಲಸಿಕೆ ಹಾಕಿಸದವುಗಳಲ್ಲೂ ಈ ರೋಗದ ಪ್ರತಿಕಾಯ ಸಿಗುವುದುಂಟು. ಇದನ್ನೇ ಹಿಡಿದು, ‘ನೋಡಿ, ಹುಟ್ಟಿನಿಂದಲೇ ನಿರೋಧಕ ಶಕ್ತಿ ಇದೆ’ ಎನ್ನುವವರಿದ್ದಾರೆ. ಬೆಳೆದ ಕೋಳಿಯ ಪ್ರತಿಕಾಯ ಹುಟ್ಟಿನಿಂದ ಬರುವ ಸಿರಿಯಲ್ಲ. ವೈರಸ್ ಮೈಯೊಳಗೆ ಹೊಕ್ಕ ಮೇಲೆ ದೇಹ ಅದರ ವಿರುದ್ಧ ಕಟ್ಟಿಕೊಳ್ಳುವ ಪಡೆ ಅದು. ಆ ರಕ್ತ ಹೇಳುವ ಸಂಗತಿ ಇಷ್ಟೇ: ವೈರಸ್ ಆ ಊರಿನಲ್ಲಿ ಸುಳಿದಾಡುತ್ತಿದೆ, ಈ ಒಂದು ಕೋಳಿ ಹೇಗೋ ತಪ್ಪಿಸಿಕೊಂಡಿದೆ. ಅದರ ಜೊತೆಗೆ ಹುಟ್ಟಿದವು ಎಲ್ಲಿ ಹೋದವು ಎಂದು ಪರೀಕ್ಷೆ ಹೇಳುವುದಿಲ್ಲ.

ನಾಟಿ ಕೋಳಿಯ ನಿಜವಾದ ಗುಣಗಳನ್ನು ನಾನು ಅಲ್ಲಗಳೆಯುವುದಿಲ್ಲ. ಬಿಸಿಲನ್ನು ತಾಳಿಕೊಳ್ಳುತ್ತದೆ. ತನ್ನ ಮೇವನ್ನು ತಾನೇ ಹುಡುಕುತ್ತದೆ. ಹದ್ದಿನ ನೆರಳು ಕಂಡರೆ ಕೂಗಿ ಮರಿಗಳನ್ನು ರೆಕ್ಕೆಯಡಿ ಎಳೆದುಕೊಳ್ಳುತ್ತದೆ. ಮೊಟ್ಟೆ ವರ್ಷಕ್ಕೆ ಐವತ್ತು ಅರವತ್ತಾದರೂ ಇಪ್ಪತ್ತೊಂದು ದಿನ ಅಲುಗಾಡದೆ ಕಾವು ಕೂರುತ್ತದೆ. ಮೊಟ್ಟೆಗೆಂದೇ ಬೆಳೆಸಿದ ತಳಿಗಳು ಈ ತಾಯ್ತನವನ್ನು ಬಹುಮಟ್ಟಿಗೆ ಕಳೆದುಕೊಂಡಿವೆ. ಈ ಗುಣಗಳಿಗಾಗಿಯೇ ನಾಟಿ ಕೋಳಿ ಉಳಿಯಬೇಕು ಎನ್ನುವವನು ನಾನು. ಬಿಸಿಲಿಗೆ ಬಗ್ಗದ ಮೈ ವೈರಸ್ಸಿಗೂ ಬಗ್ಗುವುದಿಲ್ಲ ಎಂದುಕೊಳ್ಳುವುದು ಮಾತ್ರ ತಪ್ಪು. ಗದ್ದೆಯಲ್ಲಿ ದುಡಿದು ಕಲ್ಲಿನಂತಾದ ಆಳಿಗೂ ಸಿಡುಬು ಬರುತ್ತಿತ್ತು, ಆತನೂ ಸಾಯುತ್ತಿದ್ದ.

ಈ ನಂಬಿಕೆಗೆ ಹೆಚ್ಚು ಬಲಿಯಾಗುವುದು ಮರಿಗಳು. ಮರಿ ಸತ್ತರೆ ನಮ್ಮಲ್ಲಿ ಕಾರಣ ಸಿದ್ಧವಾಗಿರುತ್ತದೆ: ಹದ್ದು ಒಯ್ತು, ಕಾಗೆ ಕಚ್ಚಿಕೊಂಡು ಹೋಯ್ತು, ಮುಂಗುಸಿ ತಿಂತು. ಅವೂ ಒಯ್ಯುತ್ತವೆ, ಸುಳ್ಳಲ್ಲ. ಆದರೆ ಹೂಮರಿಯ ಮೊದಲ ಎಂಟು ವಾರವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಹದ್ದಿನ ಕಣ್ಣಿಗೆ ಬೀಳುವುದು ಬಹಳ ಸಲ ಆಗಲೇ ನಿತ್ರಾಣವಾಗಿ ಹಿಂದೆ ಬಿದ್ದ ಮರಿ. ಅದನ್ನು ನಿತ್ರಾಣ ಮಾಡಿದ್ದು ಚಳಿಯೋ, ಒದ್ದೆ ನೆಲವೋ, ಹೊಟ್ಟೆಗೆ ಸಾಲದ ಮೇವೋ ಆಗಿರುತ್ತದೆ.

ಮೊಟ್ಟೆಯೊಡೆದು ಬಂದ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಮೊದಲ ವಾರ ಅದಕ್ಕೆ 35 ಡಿಗ್ರಿಯ ಹತ್ತಿರ ಕಾವು ಬೇಕು. ವಾರ ವಾರಕ್ಕೂ ಸುಮಾರು 3 ಡಿಗ್ರಿ ಇಳಿಸುತ್ತ ಬರಬಹುದು. ತಾಯಿಯ ರೆಕ್ಕೆ ಇದನ್ನು ಕೊಡುತ್ತದೆ, ಒಣ ಜಾಗದಲ್ಲಿ ಕೂರಲು ಬಿಟ್ಟರೆ. ನಾವು ಮಾಡುವುದೇನು? ಕೊಟ್ಟಿಗೆಯ ಮೂಲೆಯಲ್ಲಿ, ಗಂಜಲದ ತೇವದ ಮೇಲೆ, ಮಂಕರಿ ಕವುಚಿ ಹಾಕಿ ಮಲಗಲು ಹೋಗುತ್ತೇವೆ. ತಾಯಿಯಿಲ್ಲದ ಮರಿ ತಂದವರು ಬಲ್ಬು ತೂಗುಹಾಕಿ ನಿಶ್ಚಿಂತರಾಗುತ್ತಾರೆ. ಕೆಳಗೆ ಮರಿಗಳು ಹೇಗಿವೆ ಎಂದು ಬಗ್ಗಿ ನೋಡುವುದಿಲ್ಲ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಪ್ಪೆಯಾಗಿ ಚಿಂವ್‌ಗುಟ್ಟುತ್ತಿದ್ದರೆ ಚಳಿ. ಅಂಚಿಗೆ ಸರಿದು ಬಾಯಿ ಬಿಟ್ಟು ಏದುಸಿರು ಬಿಡುತ್ತಿದ್ದರೆ ಸೆಕೆ. ಹರಡಿಕೊಂಡು ತಮ್ಮ ಪಾಡಿಗೆ ಕೆದಕುತ್ತಿದ್ದರೆ ಕಾವು ಸರಿಯಾಗಿದೆ. ಇದನ್ನು ತಿಳಿಯಲು ಥರ್ಮಾಮೀಟರೂ ಬೇಡ.

ಮೂರನೆಯ ವಾರ ದಾಟಿದ ಮೇಲೆ ರಕ್ತಭೇದಿ ಕಾದಿರುತ್ತದೆ. ಕಾಕ್ಸಿಡಿಯಾ ಎಂಬ ಕಣ್ಣಿಗೆ ಕಾಣದ ಪರಾವಲಂಬಿ ಕರುಳಿನ ಪದರವನ್ನು ಕೊರೆಯುತ್ತದೆ. ಮರಿ ಮುದುಡಿ ನಿಲ್ಲುತ್ತದೆ, ಹಿಕ್ಕೆಯಲ್ಲಿ ರಕ್ತ ಕಾಣುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ. ರೋಗಿಯ ಹಿಕ್ಕೆಯಲ್ಲಿ ಹೊರಬಿದ್ದ ಅದರ ಬೀಜಕ್ಕೆ ತೇವ ಮತ್ತು ಬೆಚ್ಚನೆ ಹವೆ ಸಿಕ್ಕರೆ ಒಂದೆರಡು ದಿನದಲ್ಲಿ ಸೋಂಕು ಹರಡುವ ಶಕ್ತಿ ಬರುತ್ತದೆ. ಫಿನಾಯಿಲು ಸುರಿದರೂ ಅದು ಸುಲಭಕ್ಕೆ ಸಾಯದು, ಒಣಗಿಸಿದರೆ ಸಾಯುತ್ತದೆ. ಆದ್ದರಿಂದ ಇಲ್ಲಿ ದೊಡ್ಡ ಮದ್ದು ಒಣ ಹಾಸು. ಭತ್ತದ ಹೊಟ್ಟನ್ನೋ ಮರದ ಪುಡಿಯನ್ನೋ ಮೂರು ನಾಲ್ಕು ಬೆರಳು ದಪ್ಪ ಹರಡಿ, ದಿನಕ್ಕೊಮ್ಮೆ ಕೆದಕಿ, ನೀರಿನ ಬಟ್ಟಲಿನ ಸುತ್ತ ಒದ್ದೆಯಾದದ್ದನ್ನು ತೆಗೆದು ಎಸೆಯಬೇಕು. ನೀರಿನ ಬಟ್ಟಲನ್ನು ಇಟ್ಟಿಗೆಯ ಮೇಲಿಟ್ಟರೆ ಅರ್ಧ ಕೆಲಸ ಮುಗಿಯಿತು. ರೋಗ ಕಂಡರೆ ಆಂಪ್ರೋಲಿಯಂ ಪುಡಿಯನ್ನು ಪಶುವೈದ್ಯರು ಹೇಳಿದ ಅಳತೆಯಲ್ಲಿ ನೀರಿಗೆ ಬೆರೆಸಿ ಕೊಡಬೇಕು. ಬೇಗ ಕೊಟ್ಟರೆ ಉಳಿಯುತ್ತವೆ.

ಮೇವಿನ ಮಾತೂ ಹೀಗೆಯೇ. ಬೆಳೆಯುವ ಮರಿಯ ಆಹಾರದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪ್ರೋಟೀನ್ ಬೇಕು. ಬರೀ ಅಕ್ಕಿ ನುಚ್ಚಿನಲ್ಲಿ ಅದರ ಅರ್ಧವೂ ಇಲ್ಲ. ನಮ್ಮ ಹಿರಿಯರು ಗೆದ್ದಲು ಹಿಡಿದ ಮಣ್ಣುಹೆಂಟೆ ತಂದು ಮರಿಗಳ ಮುಂದೆ ಒಡೆಯುತ್ತಿದ್ದರು; ಅದರಷ್ಟು ಒಳ್ಳೆಯ ಮೇವು ಬೇರೆ ಇಲ್ಲ. ಅಂಗಳಕ್ಕೆಲ್ಲ ಸಿಮೆಂಟು ಬಳಿದ ಮೇಲೆ ಹುಳು ಎಲ್ಲಿಂದ ಸಿಗಬೇಕು? ಅಂಥ ಮನೆಗಳಲ್ಲಿ ಮೊದಲ ಎರಡು ತಿಂಗಳಾದರೂ ಮರಿ ಫೀಡು ತಂದು ಹಾಕಬೇಕು, ಇಲ್ಲವೇ ನುಚ್ಚಿಗೆ ಕಡಲೆಕಾಯಿ ಹಿಂಡಿ ಬೆರೆಸಬೇಕು. ಹಿಂಡಿಗೆ ಬೂಷ್ಟು ಹಿಡಿದಿರಬಾರದು, ಬೂಷ್ಟಿನ ವಿಷ ಮರಿಯ ಈಲಿಯನ್ನು ಕೆಡಿಸುತ್ತದೆ.

ರೋಗವಿಲ್ಲ ಎನ್ನುವ ಜನರೇ ರೋಗ ಬಂದ ದಿನ ಔಷಧಕ್ಕೆ ಓಡುತ್ತಾರೆ. ಮೆಡಿಕಲ್ ಅಂಗಡಿಯಿಂದ ಮನುಷ್ಯರಿಗೆ ಕೊಡುವ ಟೆಟ್ರಾಸೈಕ್ಲಿನ್ ಗುಳಿಗೆ ತಂದು ಬಿಚ್ಚಿ ಬಾಯಿಗೆ ಹಾಕುತ್ತಾರೆ. ಕೊಕ್ಕರೆ ರೋಗ ವೈರಸ್ಸಿನದು. ಈ ಮಾತ್ರೆ ವೈರಸ್ಸನ್ನು ಮುಟ್ಟುವುದೂ ಇಲ್ಲ. ಆ ಕೋಳಿ ಬದುಕುವುದಿಲ್ಲ ಎಂದು ಗೊತ್ತಾದ ಸಂಜೆಯೇ ಕೊಯ್ದು ಸಾರು ಮಾಡುತ್ತಾರೆ, ಮಾತ್ರೆಯ ಅಂಶ ಸಾರಿಗೂ ಬರುತ್ತದೆ. ರಾಸಾಯನಿಕಮುಕ್ತ ಎಂದು ಹೊಗಳಿಸಿಕೊಂಡ ನಾಟಿ ಕೋಳಿಗೆ ಹೀಗೆ ಲೆಕ್ಕವಿಲ್ಲದ ಆಂಟಿಬಯೋಟಿಕ್ ಸೇರುವುದು ಲಸಿಕೆ ಹಾಕಿಸದೆ ಇದ್ದ ಕಾರಣಕ್ಕೆ. ಅರಿಶಿನ, ಬೇವು, ಬೆಳ್ಳುಳ್ಳಿಗಳನ್ನು ನಾನು ತೆಗಳುವುದಿಲ್ಲ. ಗಾಯಕ್ಕೆ ಅರಿಶಿನ ಹಚ್ಚಿ, ಹೇನಿಗೆ ಒಲೆಯ ಬೂದಿಯ ಗುಂಡಿ ಮಾಡಿಕೊಡಿ, ಕೋಳಿ ಅದರಲ್ಲಿ ಹೊರಳಿ ಮೈ ಹಗುರ ಮಾಡಿಕೊಳ್ಳುತ್ತದೆ. ಆದರೆ ರಾಣಿಖೇತ್‌ ವೈರಸ್ಸನ್ನು ಅರಿಶಿನ ತಡೆಯುತ್ತದೆ ಎಂದು ವೇದಿಕೆಯ ಮೇಲೆ ನಿಂತು ಹೇಳುವವರು ಬಡವರ ಕೋಳಿಯ ಸಾವಿಗೆ ಹೊಣೆಗಾರರು.

ಲಸಿಕೆ ಹಾಕಿದರೆ ನಾಟಿಯೂ ಫಾರಂ ಕೋಳಿಯಾಗುತ್ತದೆ, ಮೊಟ್ಟೆಯಲ್ಲಿ ಕೆಮಿಕಲ್ಲು ಬರುತ್ತದೆ ಎಂಬ ಅಂಜಿಕೆಯೂ ಇದೆ. ಲಸಿಕೆ ಎಂದರೆ ಅದೇ ವೈರಸ್ಸಿನ ಸೌಮ್ಯವಾದ ತಳಿ. ಅದು ಮೈಗೆ ಪಾಠ ಕಲಿಸಿ ಹೋಗುತ್ತದೆ. ಮರಿಗೆ ಐದರಿಂದ ಏಳು ದಿನವಾದಾಗ ಎಫ್ ಅಥವಾ ಲಸೋಟಾ ಲಸಿಕೆಯ ಒಂದು ಹನಿ. ಮರಿಯನ್ನು ಎಡ ಅಂಗೈಯಲ್ಲಿ ಹಿಡಿದು, ತಲೆಯನ್ನು ಪಕ್ಕಕ್ಕೆ ವಾಲಿಸಿ, ಕಣ್ಣಿಗೆ ಹನಿ ಬಿಟ್ಟು, ಅದು ರೆಪ್ಪೆ ಬಡಿದು ಹನಿ ಒಳಗಿಳಿಯುವವರೆಗೆ ತಡೆದು ಬಿಡಬೇಕು. ಆತುರಪಟ್ಟರೆ ಹನಿ ಕೆನ್ನೆಯ ಮೇಲೆ ಜಾರಿ ವ್ಯರ್ಥ. ನಾಲ್ಕೈದು ವಾರಕ್ಕೆ ಮತ್ತೊಮ್ಮೆ ಲಸೋಟಾ. ಎಂಟು ಹತ್ತು ವಾರಕ್ಕೆ ರೆಕ್ಕೆಯ ಬುಡದ ಚರ್ಮದಡಿ ಆರ್‌2ಬಿ ಚುಚ್ಚುಮದ್ದು. ಇದು ಸ್ವಲ್ಪ ಬಿರುಸಾದ ಲಸಿಕೆ, ಆರು ವಾರದೊಳಗಿನ ಮರಿಗೆ ಕೊಡಬಾರದು. ಸೊಳ್ಳೆಯಿಂದ ಹರಡುವ ಕೋಳಿ ಸಿಡುಬಿಗೂ ಆರೆಂಟು ವಾರದ ವಯಸ್ಸಿನಲ್ಲಿ ಲಸಿಕೆ ಇದೆ. ಲಸಿಕೆ ಕಂಡ ತಾಯಿಯ ಮೊಟ್ಟೆಯಿಂದ ಬಂದ ಮರಿಗೆ ಹಳದಿಯ ಮೂಲಕ ತಾಯಿಯ ರಕ್ಷಣೆಯೂ ಎರಡು ಮೂರು ವಾರ ಸಿಗುತ್ತದೆ. ಒಂದು ಡೋಸಿನ ಬೆಲೆ ಒಂದು ನಾಟಿ ಮೊಟ್ಟೆಯ ಬೆಲೆಗಿಂತ ಕಡಿಮೆ.

ಹಾಗಿದ್ದರೂ ಹಳ್ಳಿಗೆ ಲಸಿಕೆ ಏಕೆ ತಲುಪುವುದಿಲ್ಲ? ಇಲ್ಲಿ ನಮ್ಮ ನಂಬಿಕೆಯೂ ಸರ್ಕಾರದ ಉದಾಸೀನವೂ ಕೈಕೈ ಹಿಡಿದಿವೆ. ಲಸಿಕೆ ಬರುವುದು ನೂರು, ಇನ್ನೂರು, ಐನೂರು, ಸಾವಿರ ಡೋಸಿನ ಸೀಸೆಗಳಲ್ಲಿ. ಅದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲೇ ಇಡಬೇಕು, ದ್ರವದಲ್ಲಿ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಕೋಳಿ ಇರುವ ಮನೆಯವರು ಸೀಸೆ ಕೊಂಡು ಮಾಡುವುದೇನು? ಪಶು ಆಸ್ಪತ್ರೆಯಲ್ಲಿ ಕೇಳಿದರೆ ‘ನಾಟಿ ತಾನೆ, ಏನೂ ಆಗಲ್ಲ’ ಎಂಬ ಉತ್ತರ ಕೇಳಿ ವಾಪಸಾದವರು ಬಹಳ. ರೋಗವೇ ಇಲ್ಲ ಎಂದುಬಿಟ್ಟರೆ ಸೀಸೆ ಚಿಕ್ಕದು ಮಾಡುವ, ಐಸ್ ಡಬ್ಬಿ ಹಿಡಿದು ಕೇರಿಗೆ ಹೋಗುವ ಕೆಲಸ ಯಾರ ಮೇಲೂ ಬೀಳುವುದಿಲ್ಲ. ಕಾಲುಬಾಯಿ ಜ್ವರಕ್ಕೆ 2019ರಿಂದ ರಾಷ್ಟ್ರಮಟ್ಟದ ಲಸಿಕೆ ಕಾರ್ಯಕ್ರಮವಿದೆ. ಸಿಬ್ಬಂದಿ ಕೊಟ್ಟಿಗೆಗೆ ಬಂದು ದನದ ಕಿವಿಗೆ ಓಲೆ ಹಾಕಿ ಹೋಗುತ್ತಾರೆ. ಅದೇ ಕೊಟ್ಟಿಗೆಯ ಅಟ್ಟದ ಮೇಲೆ ಕೂತ ಕೋಳಿಯನ್ನು ಯಾರೂ ಕೇಳುವುದಿಲ್ಲ. ಅದೇ 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲ ಕೋಳಿಗಳು 31.7 ಕೋಟಿ, ಹಿಂದಿನ ಗಣತಿಗಿಂತ ನೂರಕ್ಕೆ ಸುಮಾರು 46ರಷ್ಟು ಹೆಚ್ಚು.

ಕೋಳಿ ನಮ್ಮಲ್ಲಿ ಹೆಂಗಸರ ಆಸ್ತಿ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಮೊಟ್ಟೆಯ ದುಡ್ಡು ಗಂಡನ ಕೈಗೆ ಹೋಗುವುದಿಲ್ಲ. ಅದು ಮಗಳ ನೋಟ್‌ಬುಕ್ಕಿಗೆ, ಸ್ವಸಹಾಯ ಸಂಘದ ವಾರದ ಕಂತಿಗೆ, ಜ್ವರ ಬಂದ ಮಗುವಿನ ಆಟೋ ಬಾಡಿಗೆಗೆ ಹೋಗುತ್ತದೆ. ಹಸು ಸತ್ತರೆ ಇಡೀ ಮನೆ ಅಳುತ್ತದೆ, ವಿಮೆಗೆ ಅರ್ಜಿ ಬರೆಯುತ್ತದೆ. ಹದಿನೈದು ಕೋಳಿ ಒಂದು ವಾರದಲ್ಲಿ ಸತ್ತರೆ ‘ರೋಗ ಬಿತ್ತು’ ಎಂದು ಮಾತು ಮುಗಿಸುತ್ತಾರೆ. ಆ ಹೆಂಗಸಿನ ವರ್ಷದ ಉಳಿತಾಯ ಹೋದದ್ದು ಯಾವ ಕಡತದಲ್ಲೂ ಇಲ್ಲ.

ಇದಕ್ಕೆ ದಾರಿಯಿದೆ, ಬೇರೆ ಬಡ ದೇಶಗಳು ನಡೆದು ತೋರಿಸಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಸ್ಪ್ರ್ಯಾಡ್‌ಬ್ರೋ ಅವರ ತಂಡ ಸೆಕೆಯನ್ನು ಹೆಚ್ಚು ತಾಳಿಕೊಳ್ಳುವ ಐ-2 ಎಂಬ ಲಸಿಕೆ ತಳಿಯನ್ನು ಹಳ್ಳಿಯ ಕೋಳಿಗಳಿಗೆಂದೇ ಬೆಳೆಸಿತು. ಮೊಜಾಂಬಿಕ್, ಟಾಂಜಾನಿಯಾಗಳಲ್ಲಿ ಊರಿನ ಜನರೇ, ಅವರಲ್ಲೂ ಅನೇಕ ಹೆಂಗಸರು, ತರಬೇತಿ ಪಡೆದು ನಾಲ್ಕು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಕೋಳಿಯ ಕಣ್ಣಿಗೆ ಹನಿ ಬಿಡುತ್ತಾರೆ, ಕೋಳಿಗೊಂದರಂತೆ ಅಲ್ಪ ದುಡ್ಡು ಪಡೆಯುತ್ತಾರೆ. ನಮ್ಮಲ್ಲಿ ಇಲ್ಲದ್ದೇನು? ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ಅಲ್ಲಿ ಕೊಕ್ಕರೆ ರೋಗದ ಲಸಿಕೆ ತಯಾರಾಗುತ್ತದೆ. ಗಿರಿರಾಜ, ಸ್ವರ್ಣಧಾರ ತಳಿಗಳನ್ನು ಕೊಟ್ಟ ವಿಜ್ಞಾನಿಗಳು ಅದೇ ಹೆಬ್ಬಾಳದವರು. ಹಳ್ಳಿಗಳಲ್ಲಿ ಜಾನುವಾರು ಆರೈಕೆಗೆ ತರಬೇತಿ ಪಡೆದ ಪಶುಸಖಿಯರಿದ್ದಾರೆ. ಇಪ್ಪತ್ತೈದು, ಐವತ್ತು ಡೋಸಿನ ಚಿಕ್ಕ ಸೀಸೆ ಮತ್ತು ಪಶುಸಖಿಯ ಕೈಗೊಂದು ಐಸ್ ಡಬ್ಬಿ, ಇಷ್ಟು ಕೊಡಲು ಹೊಸ ವಿಜ್ಞಾನ ಬೇಕಿಲ್ಲ. ಫಲಾನುಭವಿಗೆ ಮರಿ ಹಂಚಿ ಫೋಟೊ ತೆಗೆಸಿಕೊಂಡು, ಆ ಮರಿಗೆ ಮುಂದಿನ ಲಸಿಕೆ ಎಲ್ಲಿ ಸಿಗುತ್ತದೆ ಎಂದು ಹೇಳದೆ ಹೋಗುವ ಯೋಜನೆಗಳು ಮರಿಗಳನ್ನು ಸಾಯಲೆಂದೇ ಹಂಚಿದಂತೆ.

ನಮ್ಮ ಕೈಯಲ್ಲಿ ಇರುವುದೂ ಇದೆ. ಕೋಳಿ ತೂಕಡಿಸಿದ ಕೂಡಲೇ ಸಂತೆಗೆ ಹೊತ್ತು ಸಿಕ್ಕಷ್ಟಕ್ಕೆ ಮಾರುವ ಚಾಳಿಯಿಂದಲೇ ರೋಗ ಹೋಬಳಿಯಿಂದ ಹೋಬಳಿಗೆ ಹಾರುತ್ತದೆ. ಬೇಸಿಗೆಯಲ್ಲಿ, ಮಾರಿಹಬ್ಬ ಜಾತ್ರೆಗಳ ಕಾಲದಲ್ಲಿ, ಕೋಳಿಗಳು ಊರಿಂದೂರಿಗೆ ಓಡಾಡುವಾಗ ಅದು ಉಲ್ಬಣಿಸುವುದು ಇದೇ ಕಾರಣಕ್ಕೆ. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆದರೆ ನಾಯಿ ಎಳೆದು ನಾಲ್ಕು ಮನೆಗೆ ಹಂಚುತ್ತದೆ. ಮೂರಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ವಾರ ಬೇರೆಯೇ ಕಟ್ಟಿ ನೋಡಬೇಕು. ಒಮ್ಮೆಗೇ ನಾಲ್ಕಾರು ಕೋಳಿ ಸತ್ತರೆ ಪಶು ಆಸ್ಪತ್ರೆಗೆ ತಿಳಿಸಲೇಬೇಕು, ಏಕೆಂದರೆ ಕೊಕ್ಕರೆ ರೋಗಕ್ಕೂ ಹಕ್ಕಿಜ್ವರಕ್ಕೂ ಹೊರಗಿನ ಲಕ್ಷಣದಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಗೊತ್ತಾದದ್ದು ಸತ್ತ ಕೋಳಿಗಳ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋದದ್ದರಿಂದ. ‘ನಾಟಿಗೆ ಏನೂ ಬರಲ್ಲ’ ಎಂದು ಮುಚ್ಚಿ ಹಾಕಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ; ಅದು ಮನುಷ್ಯರವರೆಗೂ ಬರಬಹುದಾದ ರೋಗ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಕೋಳಿ ಇದ್ದರೆ ಒಂದು ಕೆಲಸ ಮಾಡಿ. ಅಕ್ಕಪಕ್ಕದ ಹತ್ತು ಹದಿನೈದು ಮನೆಯವರು ಸೇರಿದರೆ ನೂರು ಕೋಳಿ ಆಗುತ್ತವೆ. ಒಬ್ಬರು ಪಶು ಆಸ್ಪತ್ರೆಗೆ ಹೋಗಿ ದಿನ ಗೊತ್ತುಮಾಡಿ. ಥರ್ಮಾಸಿನಲ್ಲಿ ಐಸು ತುಂಬಿ ಒಂದು ಸೀಸೆ ತನ್ನಿ. ಹಿಂದಿನ ಸಂಜೆ ಕೋಳಿಗಳನ್ನೆಲ್ಲ ಮುಚ್ಚಿಟ್ಟು, ಬೆಳಗಿನ ಜಾವ ಬಿಡುವ ಮೊದಲು ಹಾಕಿಸಿ. ಚಳಿಗಾಲ ಮುಗಿಯುವುದರೊಳಗೆ ಇದು ಆಗಬೇಕು. ಬೇಸಿಗೆಯಲ್ಲಿ ಮೊದಲ ಕೋಳಿ ತೂಕಡಿಸಿದ ಮೇಲೆ ಸೀಸೆ ತಂದರೆ ಪ್ರಯೋಜನವಿಲ್ಲ.